ಒಗ್ಗರಣೆಯಿಲ್ಲದ ಏಳು ದಿನ

ನಮ್ಮ ಮೊಮ್ಮಗಳು ಇವತ್ತು ಹನ್ನೊಂದು ಕೂಸುಗಳಿಗೆ ಸೂಜಿ ಹಾಕಿ ಬಂದಳು! ಸರ್ಕಾರಿ ನರ್ಸು ಅವಳೀಗ. ಬಿಳಿ ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ, ಕೈಯಲ್ಲಿ ಔಷಧಿಯ ತಂಪು ಡಬ್ಬಿ. ಕೆಲಸ ಎಲ್ಲಿ ಅಂತೀರಿ? ನನ್ನ ತವರಿನ ಕಡೆಯೇ, ಬೂದಿಕೋಟೆ ಪಕ್ಕದ ಹಳ್ಳಿಯಲ್ಲಿ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ನಾನು ಎಮ್ಮೆ ಮೇಯಿಸಿದ ಬಯಲಿನ ಪಕ್ಕದಲ್ಲೇ ಅವಳ ಬಸ್ಸು ಹೋಗುತ್ತದಂತೆ. ಅದನ್ನು ಕೇಳಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ನಮ್ಮ ಲೈನಿನ ಅಷ್ಟೂ ಮನೆಗೆ ಸಕ್ಕರೆ ಹಂಚಿದೆ. ಪಕ್ಕದ ಮನೆಯ ತಮಿಳು ಹೆಂಗಸು ನನ್ನನ್ನು ಅಜ್ಜಿ ಅನ್ನುವುದಕ್ಕೆ ಪಾಟಿ ಅನ್ನುತ್ತಾಳೆ, ಕೈ ಚಾಚುತ್ತಲೇ ನಕ್ಕಳು.

"ಪಾಟಿ, ನಿನ್ನೇನೂ ಕೊಟ್ರಲ್ಲ, ಇವತ್ತೂ ತಂದ್ರಾ? ನಮ್ಗೆ ಸಕ್ಕರೆ ಕಾಯ್ಲೆ ಬರ್ಸೋವರ್ಗೂ ಬಿಡಲ್ವಾ ನೀವು?"

"ನಿನ್ನೇದು ಕೆಲಸಕ್ಕೆ ಸೇರಿದ್ದಕ್ಕೆ ಕಣಮ್ಮ. ಇದು ಮೊದಲ್ನೇ ಸೂಜಿಗೆ!"

ಇಷ್ಟು ಸಂತೋಷ ಇಟ್ಟುಕೊಂಡು ಬರೆಯಲು ಕೂತವಳು ನೇರ ಸಂಜೆಯ ಊಟದ ಮಾತಿಗೆ ಹೋಗಬಹುದಿತ್ತು. ಆದರೆ ಆ ಹುಡುಗಿಯ ಕೈಗೆ ಸೂಜಿ ಬಂದದ್ದರ ಹಿಂದೆ ನಾನು ಮಾಡಿದ ಒಂದು ತಪ್ಪಿದೆ. ಅದನ್ನು ಬಿಟ್ಟು ಬರೀ ಸಂತೋಷ ಬರೆದರೆ ಅದೂ ಒಂದು ಸುಳ್ಳೇ. ಸುಳ್ಳು ಹೇಳಿ ಸಾಕಾಗಿದೆ ನನಗೆ.

ನಮ್ಮದು ಚಾಂಪಿಯನ್ ರೀಫ್ಸಿನಲ್ಲಿ ಚಿನ್ನದ ಗಣಿಯವರು ಕಟ್ಟಿಸಿದ ಲೈನ್ ಮನೆ. ಒಂದೇ ಗೋಡೆಗೆ ಆಚೆ ಒಂದು ಸಂಸಾರ, ಈಚೆ ಒಂದು ಸಂಸಾರ. ನಮ್ಮ ಯಜಮಾನರು ಗಣಿ ಮುಚ್ಚುವವರೆಗೂ ಅದರೊಳಗೆ ಇಳಿದು ದುಡಿದವರು. ಗಣಿ ಮುಚ್ಚಿತು, ಅದರ ಧೂಳು ಮಾತ್ರ ಅವರ ಎದೆಯಲ್ಲೇ ಉಳಿಯಿತು. ಮನೆಯಿಂದ ನೀರಿನ ನಲ್ಲಿಯವರೆಗೆ ನಡೆದರೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಮಗ ಸೊಸೆ ಬಂಗಾರಪೇಟೆಯಲ್ಲಿ. ಅಲ್ಲಿ ರೈಲ್ವೆ ಸ್ಟೇಷನ್ನಿನ ಹತ್ತಿರ ಮಗನ ಪಾನಿಪುರಿ ಗಾಡಿ ಇದೆ. ಮೊಮ್ಮಗಳು ಆಗ ಪಿಯುಸಿ ಓದುತ್ತಿದ್ದಳು, ನಮ್ಮ ಜೊತೆಯಲ್ಲೇ ಇದ್ದಳು.

ಕೊರೊನಾ ಸೂಜಿ ಬಂದಾಗ ಅದನ್ನು ಹಾಕುವ ಜಾಗ ಮಾಡಿದ್ದು ನಮ್ಮ ಮನೆ ಎದುರಿನ ಹಳೇ ಶಾಲೆಯಲ್ಲಿ. ಹಾಗಾಗಿ ನಾನು ಅದನ್ನೆಲ್ಲ ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತೇ ನೋಡಿದೆ. ಮೊದಲು ಮೈಕು ಕಟ್ಟಿದ ಆಟೋ ಬಂತು. ಕನ್ನಡದಲ್ಲಿ ಕೂಗಿತು, ತಮಿಳಿನಲ್ಲಿ ಕೂಗಿತು, ತಿರುಗಿ ಹೋಗುವಾಗ ತೆಲುಗಿನಲ್ಲಿ ಕೂಗಿತು. ಮೂರು ಭಾಷೆಯವರೂ ಕೇಳಿಸಿಕೊಂಡು ಮನೆಯೊಳಗೇ ಉಳಿದರು. ಶಾಲೆಯಲ್ಲಿ ನರ್ಸುಗಳು ಖಾಲಿ ಕುರ್ಚಿಗಳ ಮುಂದೆ ಕೂತಿರುತ್ತಿದ್ದರು. ಯಾರಾದರೂ ಒಬ್ಬ ಹಾಕಿಸಿಕೊಂಡರೆ ಅವನು ತಲೆಸುತ್ತಿ ಬೀಳುತ್ತಾನೋ ಅಂತ ನೋಡಲು ಹತ್ತು ಜನ ಗೇಟಿನ ಹತ್ತಿರ ನಿಲ್ಲುತ್ತಿದ್ದರು.

ಆಮೇಲೆ ಕಾಯಿಲೆ ಮತ್ತೆ ಜೋರಾಯಿತು ನೋಡಿ, ಇಡೀ ಊರು ಎದ್ದು ಬಂತು. ಒಬ್ಬರಿಗೊಬ್ಬರು ತಾಗದೆ ನಿಲ್ಲಲಿ ಅಂತ ನೆಲದ ಮೇಲೆ ಸುಣ್ಣದಲ್ಲಿ ಸೊನ್ನೆ ಬರೆದಿದ್ದರು. ನಮ್ಮ ಜನ ನಲ್ಲಿಯ ಮುಂದೆ ಬಿಂದಿಗೆ ಇಟ್ಟು ಸರದಿ ಹಿಡಿಯುವವರಲ್ಲವೇ? ಬೆಳಗಾಗುವಷ್ಟರಲ್ಲಿ ಸೊನ್ನೆಯೊಳಗೆ ಕಲ್ಲು, ಚಪ್ಪಲಿ, ಬಿಂದಿಗೆ ಬಂದು ಕೂತಿರುತ್ತಿದ್ದವು. ಒಂದು ದಿನ ಒಬ್ಬಾಕೆ ಹಸಿರು ಬಿಂದಿಗೆ ಇಟ್ಟು ಮನೆಗೆ ಹೋಗಿ, ಮುದ್ದೆ ಉಂಡು ಬಂದು ಮುಂದೆ ನಿಂತಳು. ಹಿಂದಿನವನು ಬಿಡಲಿಲ್ಲ.

"ಏನಮ್ಮೋ, ಸೂಜಿ ನಿಂಗಾ, ನಿನ್ ಬಿಂದ್ಗೇಗಾ?"

"ನಿನ್ ಚಪ್ಲಿ ಒಂದ್ ಸೊನ್ನೇಲಿ ಐತೆ, ನೀನೊಂದ್ ಸೊನ್ನೇಲಿ ಇದ್ದೀಯ. ಎರಡು ಡೋಸು ಒಂದೇ ಸಾರಿ ಆಕಿಸ್ಕೊಂತೀಯೇನ್ಲಾ?"

ಮಾಸ್ಕಿನೊಳಗೇ ಎಲ್ಲರೂ ನಕ್ಕರು. ನಾನೂ ಮೆಟ್ಟಿಲ ಮೇಲೆ ಕೂತು ನಕ್ಕೆ. ಹಾಗೆ ನಗುತ್ತಾ ನೋಡಿದವಳು ಎದ್ದು ಹೋಗಿ ನಾನೂ ಒಂದು ಸೊನ್ನೆಯಲ್ಲಿ ನಿಲ್ಲಲಿಲ್ಲ. ರಸ್ತೆ ದಾಟಿದರೆ ಶಾಲೆ. ಅಷ್ಟೇ ದೂರ.

ಪಕ್ಕದ ಲೈನಿನಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಇದ್ದಾಳೆ. ಗುಲಾಬಿ ಸೀರೆ, ಹೆಗಲಿಗೆ ಚೀಲ. ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ. ನಡೆಯಲಾಗದ ಮುದುಕರನ್ನು ಆಕೆ ಮನೆ ಬಾಗಿಲಿಗೇ ಆಟೋ ತಂದು ಕರೆದೊಯ್ದು, ಸಾಲಿನಲ್ಲಿ ನಿಲ್ಲಿಸದೆ ಸೂಜಿ ಹಾಕಿಸಿ ತಂದು ಬಿಡುತ್ತಿದ್ದಳು. ನಮ್ಮ ಮನೆಗೂ ಬಂದಳು.

"ದೊಡ್ಡಪ್ಪ, ಗುರುವಾರ ಆಟೋ ತರ್ತೀನಿ. ಒಳ್ಳೆ ಷರ್ಟ್ ಆಕ್ಕೊಂಡು ರೆಡಿಯಾಗಿರಿ."

"ಯಾಕವ್ವಾ, ಎಣ್ಣು ನೋಡಿದ್ದೀಯಾ ನಂಗೆ?" ಅಂದರು ನಮ್ಮ ಯಜಮಾನರು.

ಅವರಿಗೆ ಹೋಗುವ ಮನಸ್ಸಿತ್ತು. ನಾನೇ ಹೆದರಿದವಳು. ಹಿಂದಿನ ಲೈನಿನಲ್ಲಿ ಇವರ ಜೊತೆ ಗಣಿಯಲ್ಲಿದ್ದ ಒಬ್ಬರು ಸೂಜಿ ಹಾಕಿಸಿಕೊಂಡ ಮೂರನೇ ದಿನ ತೀರಿಕೊಂಡಿದ್ದರು. ಅವರು ಅದಕ್ಕೆ ಮುಂಚೆಯೇ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಅದು ನನಗೂ ಗೊತ್ತಿತ್ತು, ನಲ್ಲಿಯ ಹತ್ತಿರದ ಹೆಂಗಸರಿಗೂ ಗೊತ್ತಿತ್ತು. ಆದರೂ ಮಾತು ಬೇರೆಯಾಗಿ ಬೆಳೆಯಿತು. ಎದೆಯಲ್ಲಿ ಗಣಿ ಧೂಳು ಇರುವವರಿಗೆ ಆ ಔಷಧಿ ಒಳಗೆ ಹೋಗಿ ಧೂಳನ್ನೆಲ್ಲ ಕದಡಿಬಿಡುತ್ತದೆ ಅಂದರು. ನಾನು ನಂಬಿದೆ. ಇವರಿಗೆ ಬೇಡ ಅಂದೆ, ಅತ್ತೆ, ಊಟ ಬಿಟ್ಟೆ. ಅವರು ಒಂದೇ ಮಾತು ಅಂದರು: "ಆಟೋ ಬತ್ತೈತೆ, ಓಗ್ತೀನಿ. ಪಾತಾಳಕ್ಕೇ ಇಳಿದು ಬಂದೋನು ಕಣೇ ನಾನು, ಸೂಜಿಗೆ ಎದರ್ತೀನಾ?"

ಬುಧವಾರ ಗಡ್ಡ ಬೋಳಿಸಿಕೊಂಡರು. ಗುರುವಾರ ಬೆಳಿಗ್ಗೆ ಎದ್ದು ಬಿಳಿ ಷರ್ಟು ಹಾಕಿಕೊಂಡು ಕುರ್ಚಿಯ ಮೇಲೆ ಕೂತರು. ಅವರನ್ನು ತಡೆಯುವ ಶಕ್ತಿ ನನಗಿರಲಿಲ್ಲ. ಆಟೋ ತಡೆಯುವ ಉಪಾಯ ಒಂದಿತ್ತು.

ನಮ್ಮ ಕಡೆ ಯಾರಿಗಾದರೂ ಮೈಮೇಲೆ ಗುಳ್ಳೆ ಎದ್ದು ಜ್ವರ ಬಂದರೆ ಅಮ್ಮ ಬಂದಿದ್ದಾಳೆ ಅನ್ನುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತೇವೆ. ಅದು ಕಂಡರೆ ಸಾಕು, ಹೊರಗಿನವರು ಯಾರೂ ಒಳಗೆ ಬರುವುದಿಲ್ಲ, ಒಳಗಿನವರು ಊರು ತಿರುಗುವುದಿಲ್ಲ. ಆ ಮನೆಯಲ್ಲಿ ಸೂಜಿ ಔಷಧಿಯ ಮಾತಿಲ್ಲ. ಮನೆಯ ಮುಂದೆ ಸದ್ದು ಮಾಡಬಾರದು. ಅಡುಗೆಗೆ ಒಗ್ಗರಣೆ ಹಾಕಬಾರದು. ಏಳನೇ ದಿನ ಬೇವು ಅರಿಶಿನದ ನೀರು ಹಾಕಿ ಸ್ನಾನ ಮಾಡಿಸಿ, ಬಾಗಿಲ ಸೊಪ್ಪು ಇಳಿಸಿದ ಮೇಲೆಯೇ ಎಲ್ಲ ಮಾಮೂಲು.

ಮೊಮ್ಮಗಳನ್ನು ಕರೆದು ನಲ್ಲಿಯ ಪಕ್ಕದ ಮರದಿಂದ ಬೇವಿನ ಸೊಪ್ಪು ಮುರಿದು ತಾ ಅಂದೆ.

"ಯಾಕಜ್ಜಿ?"

"ಸೊಳ್ಳೆಗೆ ಒಗೆ ಆಕಾಕೆ."

ತಂದಳು. ನಾನು ಅದನ್ನು ಬಾಗಿಲಿಗೆ ಕಟ್ಟಿದೆ.

ಆಟೋ ಗಡಗಡ ಅನ್ನುತ್ತಾ ಬಂದು ನಿಂತಿತು. ಆಶಾ ಕೆಳಗಿಳಿದು ನಾಲ್ಕು ಹೆಜ್ಜೆ ಬಂದವಳು ಬಾಗಿಲು ನೋಡಿ ಅಲ್ಲೇ ನಿಂತಳು. ಚಪ್ಪಲಿ ಬಿಟ್ಟು ಕೈ ಮುಗಿದಳು.

"ಅಯ್ಯೋ, ಅಮ್ಮ ಬಂದೌಳಾ? ಯಾರ್ಗೆ ದೊಡ್ಡಮ್ಮ?"

"ನಮ್ ಉಡುಗೀಗೆ," ಅಂದೆ. ಹುಡುಗಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

ಆಶಾ ಸರ್ರನೆ ತಿರುಗಿ ಡ್ರೈವರಿಗೆ ಕೈಸನ್ನೆ ಮಾಡಿ ಇಂಜಿನ್ ಆಫ್ ಮಾಡಿಸಿದಳು. ಮತ್ತೆ ಸ್ಟಾರ್ಟ್ ಮಾಡಿದರೆ ಸದ್ದಾಗುತ್ತದಲ್ಲ, ಅದಕ್ಕೆ ಅವನೂ ಇವಳೂ ಸೇರಿ ಆ ಆಟೋವನ್ನು ಕೈಯಲ್ಲೇ ತಳ್ಳಿಕೊಂಡು ಲೈನಿನ ಮೂಲೆಯವರೆಗೆ ಹೋದರು. ಗುಲಾಬಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಿಸಿಲಿನಲ್ಲಿ, ಬರಿಗಾಲಿನಲ್ಲಿ. ಚಪ್ಪಲಿ ನಮ್ಮ ಮನೆ ಮುಂದೆಯೇ ಉಳಿದಿತ್ತು. ಆಮೇಲೆ ಸದ್ದಿಲ್ಲದೆ ಬಂದು ತೆಗೆದುಕೊಂಡು ಹೋದಳು. ನನಗೆ ಈಗಲೂ ಕಣ್ಣು ಮುಚ್ಚಿದರೆ ಆ ತಳ್ಳುವ ಬೆನ್ನೇ ಕಾಣುವುದು.

ಒಳಗೆ ಬಂದರೆ ನಮ್ಮ ಯಜಮಾನರು ಷರ್ಟಿನ ಗುಂಡಿ ಬಿಚ್ಚುತ್ತಿದ್ದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

"ಸುಳ್ಳಿಗೆ ಅಮ್ಮನ್ನ ಕರ್ದಿದ್ದೀಯ. ಇನ್ನ ಏಳು ದಿನ ಒಗ್ಗರಣೆ ಇಲ್ಲ ಅನ್ನು."

ಅದು ನನಗೆ ಹೊಳೆದೇ ಇರಲಿಲ್ಲ! ಲೈನ್ ಮನೆಯಲ್ಲಿ ಒಂದು ಕಡೆ ಬೆಳ್ಳುಳ್ಳಿ ಎಣ್ಣೆಗೆ ಬಿದ್ದರೆ ನಾಲ್ಕು ಮನೆಗೆ ವಾಸನೆ ಹೋಗುತ್ತದೆ. ಬಾಗಿಲಲ್ಲಿ ಬೇವು, ಒಳಗೆ ಒಗ್ಗರಣೆ ಅಂದರೆ ಸುಳ್ಳು ಬಯಲಾದಂತೆ. ಒಣಮೆಣಸಿನಕಾಯಿ ಬೆಳ್ಳುಳ್ಳಿ ಕಪ್ಪಗೆ ಹುರಿದು ಬೀಳದಿದ್ದರೆ ಅದು ಸಾರೇ ಅಲ್ಲ ಅನ್ನುವ ಮನುಷ್ಯ ಅವರು. ಏಳು ದಿನ ಬರೀ ಬೇಯಿಸಿದ ಸಪ್ಪೆ ಸಾರಿನಲ್ಲಿ ಮುದ್ದೆ ನುಂಗಿದರು. ಐದನೇ ದಿನ ಮಾತ್ರ ಪಿಸುಮಾತಿನಲ್ಲಿ ಕೇಳಿದರು.

"ಲೇ, ಒಂದೇ ಒಂದ್ ಮೆಣಸಿನ್ಕಾಯಿ ಸುಡೇ. ವಾಸ್ನೆ ಎಲ್ಲ ನಾನೇ ಎಳ್ಕೊಂತೀನಿ, ಆಚೆ ಬಿಡಾಕಿಲ್ಲ."

ನಕ್ಕೆ. ಸುಡಲಿಲ್ಲ.

ಏಳನೇ ದಿನ ಹುಡುಗಿಗೆ ನೀರು ಹಾಕಿದ ಹಾಗೆ ಮಾಡಿ ಸೊಪ್ಪು ಇಳಿಸಿದೆ. ಆ ಮಧ್ಯಾಹ್ನ ಹುರುಳಿಕಾಳು ಬಸ್ಸಾರು ಮಾಡಿ, ಏಳು ದಿನದ್ದು ಸೇರಿಸಿ ಎರಡು ಸೌಟು ಎಣ್ಣೆಗೆ ಒಗ್ಗರಣೆ ಹಾಕಿದೆ. ಚಟಪಟ ಸಿಡಿಯಿತು, ಮನೆಯೆಲ್ಲ ಘಾಟು. ತಟ್ಟೆ ತಂದು ಮುಂದಿಟ್ಟೆ.

"ಒಗ್ಗರಣೆ ಇವತ್ತೂ ಇಲ್ವೇನೇ?" ಅಂದರು.

ಕೋಪಕ್ಕೆ ಹಾಗೆ ಅಂತಾರೆ ಅಂದುಕೊಂಡೆ. "ಕಣ್ಣು ಕಾಣ್ಸಲ್ವಾ, ಮೇಲೇ ತೇಲ್ತೈತೆ ನೋಡಿ," ಅಂತ ರೇಗಿದೆ. ಅವರು ತಟ್ಟೆಯನ್ನು ಮೂಗಿನ ಹತ್ತಿರ ಎತ್ತಿ ಹಿಡಿದರು, ಮತ್ತೆ ಕೆಳಗಿಟ್ಟರು. ಅವರಿಗೆ ವಾಸನೆ ಹೋಗಿತ್ತು, ರುಚಿಯೂ ಹೋಗಿತ್ತು. ಸಂಜೆ ಜ್ವರ ಬಂತು.

ಆಸ್ಪತ್ರೆಗೆ ಕರೆದುಕೊಂಡು ಹೋದರು, ನಮ್ಮನ್ನು ಗೇಟಿನಲ್ಲೇ ನಿಲ್ಲಿಸಿದರು. ಆರನೇ ದಿನ ಮಗನಿಗೆ ಫೋನ್ ಬಂತು. ಮುಖವನ್ನು ದೂರದಿಂದ ತೋರಿಸಿದರು. ನೀಟಾಗಿ ಬೋಳಿಸಿದ್ದ ಗಡ್ಡ ಬೆಳೆದಿತ್ತು.

ಆ ಸೂಜಿ ಅವತ್ತು ಹಾಕಿಸಿದ್ದರೆ ಉಳಿಯುತ್ತಿದ್ದರಾ ಅಂತ ಮೊಮ್ಮಗಳನ್ನು ಒಂದು ಸಾರಿ ಕೇಳಿದ್ದೆ, ಅವಳು ನರ್ಸಿಂಗ್ ಓದುವಾಗ. ಅವಳು ನನಗೆ ಸಮಾಧಾನ ಹೇಳಲೂ ಇಲ್ಲ, ಚುಚ್ಚಲೂ ಇಲ್ಲ. "ಒಂದು ವಾರದಲ್ಲಿ ಒಂದು ಡೋಸು ಎಷ್ಟು ಕಾಪಾಡ್ತಿತ್ತೋ ಗೊತ್ತಿಲ್ಲ ಅಜ್ಜಿ. ಹೇಳೋಕಾಗಲ್ಲ," ಅಂದಳು. ಇರಬಹುದು. ಆದರೆ ಅವರು ಹೊರಟು ಕೂತಿದ್ದರು. ಹೊರಟವರನ್ನು ತಡೆದವಳು ನಾನು.

ಇದಕ್ಕಿಂತ ದೊಡ್ಡ ತಪ್ಪು ಆಮೇಲೆ ಮಾಡಿದ್ದು. ತಿಥಿ ಮುಗಿದ ಮೇಲೆ ಮಗ ನಲ್ಲಿಯ ಹತ್ತಿರ ಆಶಾಳನ್ನು ಕಂಡ. ಅವನಿಗೆ ಬೇವಿನ ವಿಷಯ ಗೊತ್ತಿರಲಿಲ್ಲ. ಲೈನಿನವರ ಮುಂದೆಲ್ಲ ಕೂಗಾಡಿದ.

"ಎಲ್ಲಾರ್ ಮನೇಗೂ ಆಟೋ ತಂದೆ, ನಮ್ಮಪ್ಪ ಏನ್ ಪಾಪ ಮಾಡಿದ್ರು? ನಮ್ಮನೆ ದಾರಿ ಗೊತ್ತಿರ್ಲಿಲ್ವಾ ನಿಂಗೆ?"

ನಾನು ಬಿಂದಿಗೆ ಹಿಡಿದು ಅಲ್ಲೇ ಇದ್ದೆ. ಆಶಾ ನನ್ನ ಮುಖ ನೋಡಿದಳು. ಈಗ ಹೇಳುತ್ತಾಳೆ, ನಿಮ್ಮ ಬಾಗಿಲಲ್ಲಿ ಬೇವಿತ್ತು ಅಂತ ಈಗ ಅಂದೇಬಿಡುತ್ತಾಳೆ ಅಂತ ಕಾದೆ. ಅವಳು ತಲೆ ತಗ್ಗಿಸಿದಳು.

"ತಪ್ಪಾಯ್ತಣ್ಣ," ಅಂದಳು.

ನನ್ನ ಬಿಂದಿಗೆ ತುಂಬಿ ಹರಿಯುತ್ತಿತ್ತು. ನಾನು ಅದನ್ನು ಎತ್ತಿಕೊಂಡು ಮನೆಗೆ ಬಂದೆ. ಅವತ್ತಿನಿಂದ ಮಗ ಆಕೆಯ ಹತ್ತಿರ ಮಾತು ಬಿಟ್ಟ. ಲೈನಿನವರು ಬೇವು ಕಂಡಿದ್ದರೇ ಹೊರತು ಆಟೋ ಬಂದು ವಾಪಸ್ ಹೋದದ್ದನ್ನು ಕಂಡಿರಲಿಲ್ಲ; ಅವರು ಕೂಡ, ಅವಳು ಮುಖ ನೋಡಿ ಮಣೆ ಹಾಕುತ್ತಾಳೆ ಅಂದರು.

ಕೆಲವು ತಿಂಗಳಾದ ಮೇಲೆ ನಾನೂ ಹೋಗಿ ಸುಣ್ಣದ ಸೊನ್ನೆಯಲ್ಲಿ ನಿಂತೆ. ಸೂಜಿ ಹಾಕುವಾಗ ನನ್ನ ಕೈ ಹಿಡಿದುಕೊಂಡಿದ್ದವಳು ಅವಳೇ. ಮೆಲ್ಲಗೆ ಕೇಳಿದಳು: "ದೊಡ್ಡಮ್ಮ, ಉಡುಗಿ ಮುಖದ ಮೇಲೆ ಕಲೆ ಏನೂ ಉಳೀಲಿಲ್ಲ ತಾನೆ?" ಸೂಜಿ ಚುಚ್ಚಿದ್ದೇ ನನಗೆ ತಿಳಿಯಲಿಲ್ಲ.

ಆ ಬೇವು ಮುರಿದು ತಂದ ಹುಡುಗಿ ನನಗೆ ಒಂದು ದಿನವೂ ಏನೂ ಅನ್ನಲಿಲ್ಲ. ಪಿಯುಸಿ ಮುಗಿಸಿ ನರ್ಸಿಂಗ್ ಓದುತ್ತೀನಿ ಅಂದಳು, ಅಷ್ಟೇ. ಅರ್ಜಿ ತುಂಬಿಸಿಕೊಟ್ಟವಳು ಆಶಾಳೇ. ಮಗನಿಗೆ ತಿಳಿಯದ ಹಾಗೆ ಅವಳ ಮನೆಗೆ ಹೋಗಿ ಬರುತ್ತಿದ್ದಳು ನಮ್ಮ ಹುಡುಗಿ.

ಇವತ್ತು ಸಂಜೆ ಮಗ ಗಾಡಿ ಮುಚ್ಚಿ, ಸೊಸೆಯನ್ನು ಕರೆದುಕೊಂಡು ಬಂಗಾರಪೇಟೆಯಿಂದ ಬಂದ. ಮೊಮ್ಮಗಳು ಬಂದವಳೇ ಅಪ್ಪ ಅಮ್ಮನಿಗೆ ಸೂಜಿಯ ಕಥೆಯೆಲ್ಲ ಹೇಳಿದಳು. ಯಾವ ಕೂಸು ಅತ್ತಿತು, ಯಾವುದು ಅವಳ ಕೋಟಿನ ಮೇಲೆ ಉಚ್ಚೆ ಹೊಯ್ದಿತು. ಆಮೇಲೆ ಅಡುಗೆಮನೆಗೆ ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಅಜ್ಜಿ, ಇವತ್ತು ಒಂದ್ ಮನೆ ಬಾಗಿಲಲ್ಲಿ ಬೇವು ಕಟ್ಟಿದ್ರು."

ನನ್ನ ಕೈಯ ಮುದ್ದೆ ಕೋಲು ನಿಂತಿತು.

"ಏನ್ ಮಾಡ್ದೆ?"

"ನಿಜಾನೋ ಸುಳ್ಳೋ ಗೊತ್ತಾಗ್ಲಿಲ್ಲ. ಕಾಲು ನಡುಗ್ತು. ಆಚೆ ನಿಂತೇ ಮಗೂನ ತೋರ್ಸಿ ಅಂದೆ. ತೋರ್ಸಿದ್ರು. ನಿಜವಾಗ್ಲೂ ಮೈತುಂಬ ಗುಳ್ಳೆ ಇತ್ತು." ನನ್ನ ಕೈಯಿಂದ ಕೋಲು ತೆಗೆದುಕೊಂಡು ತಾನೇ ಮುದ್ದೆ ತಿರುವಿದಳು. "ಆಶಾ ಅಕ್ಕನ್ನ ಊಟಕ್ಕೆ ಕರ್ದಿದೀನಿ ಅಜ್ಜಿ. ಈಗ ಬತ್ತಾರೆ."

ಅಷ್ಟು ಅಂದವಳೇ ತಟ್ಟೆ ತೊಳೆಯಲು ಎದ್ದು ಹೋದಳು. ನನಗೆ ಮಾತ್ರ ಗೊತ್ತಾಯಿತು. ಆ ಹೆಂಗಸು ನಮ್ಮ ಮನೆಯಲ್ಲಿ ತಪ್ಪಿತಸ್ಥಳ ಹಾಗೆ ಕೂತು ಉಂಡು ಹೋದರೆ ನನ್ನ ಹುಡುಗಿ ಇನ್ನೊಂದು ಬಾಗಿಲಲ್ಲಿ ಬೇವು ಕಂಡಾಗ ಮತ್ತೆ ನಡುಗುತ್ತಾಳೆ. ಹೇಳಿದರೆ ನನ್ನ ಮಗ ನನ್ನನ್ನು ಅಮ್ಮಾ ಅಂತ ಕರೆಯುತ್ತಾನೋ ಇಲ್ಲವೋ.

ಆಶಾ ಬಂದಳು. ಹೊಸ್ತಿಲ ಹತ್ತಿರ ನಿಂತು ಅಭ್ಯಾಸಕ್ಕೆ ಬಾಗಿಲ ಮೇಲೆ ಒಂದು ಸಾರಿ ನೋಡಿದಳು. ಮಗ ಮುಖ ತಿರುಗಿಸಿ ಹಿತ್ತಲಿಗೆ ಹೊರಟ.

"ಕೂತ್ಕೊಳ್ಳೋ ಮಗ," ಅಂದೆ. "ನೀನೂ ಕೂತ್ಕೊಳಮ್ಮ. ಅವತ್ತು ಈ ಮನೇಗೆ ಅಮ್ಮ ಬಂದಿರ್ಲಿಲ್ಲ. ಸುಳ್ಳಿಗೆ ಬೇವು ಕಟ್ಟಿದ್ದು ನಾನು. ನಿಮ್ಮಪ್ಪ ಷರ್ಟ್ ಆಕ್ಕೊಂಡು ಕೂತಿದ್ರು ಕಣಪ್ಪ. ಇವಳು ಬಾಗಿಲಿಗೇ ಆಟೋ ತಂದಿದ್ಲು. ವಾಪಸ್ ಕಳ್ಸಿದ್ದು ನಾನು."

 ಮಗ ನನ್ನನ್ನೇ ನೋಡುತ್ತಿದ್ದ.

"ನಲ್ಲಿ ಹತ್ರ ನಾನು ಇವ್ರನ್ನ ಅಷ್ಟು ಬೈದ್ನಲ್ಲ, ನೀನೂ ಅಲ್ಲೇ ಇದ್ದೆ."

"ಇದ್ದೆ."

ಆಶಾ ನನ್ನ ಕಡೆ ತಿರುಗಿದಳು. "ನಾನೇನಂದ್ಕೊಂಡಿದ್ದೆ ಗೊತ್ತಾ ದೊಡ್ಡಮ್ಮ? ಅಮ್ಮ ಇರೋ ಮನೆ ಮುಂದೆ ಆಟೋ ಸದ್ದು ಮಾಡ್ಸಿಬುಟ್ಟೆ, ಅದಕ್ಕೇ ಅಮ್ಮ ಮುನಿದು ದೊಡ್ಡಪ್ಪನ್ನ ಕರ್ಕೊಂಡ್ಲು ಅಂತ. ವರ್ಷ ವರ್ಷಾನೂ ಗುಡೀಗೆ ಓಗಿ ಮೊಸರನ್ನ ಇಟ್ಟು ತಪ್ಪಾಯ್ತು ಅಂತ ಕೇಳ್ಕೊಂಡು ಬತ್ತಿದೀನಿ. ಯಾರ್ ತಪ್ಪಿಗೆ?"

ಎದ್ದಳು. ಹೊಸ್ತಿಲವರೆಗೂ ಹೋದಳು. ನಾನು ತಡೆಯಲಿಲ್ಲ, ತಡೆಯುವ ಮುಖ ಎಲ್ಲಿದೆ ನನಗೆ? ಅವಳು ಅಲ್ಲೇ ನಿಂತು, ನಮಗೆ ಬೆನ್ನು ಕೊಟ್ಟುಕೊಂಡೇ ಅಂದಳು:

"ಎಣ್ಣೆ ಒತ್ತೋಯ್ತೈತೆ. ಅದನ್ನಾದ್ರೂ ನೋಡ್ಬಾರ್ದಾ?"

ಒಲೆಯ ಮೇಲೆ ಒಗ್ಗರಣೆಗಿಟ್ಟ ಎಣ್ಣೆ ಹೊಗೆ ಕಾರುತ್ತಿತ್ತು! ಓಡಿ ಹೋಗಿ ಸಾಸಿವೆ ಹಾಕಿದೆ, ಬೆಳ್ಳುಳ್ಳಿ ಹಾಕಿದೆ, ಒಣಮೆಣಸಿನಕಾಯಿ ಹಿಡಿಯಷ್ಟು ಹಾಕಿದೆ. ಘಾಟಿಗೆ ಎಲ್ಲರೂ ಕೆಮ್ಮಿದರು. ಅದರ ನಡುವೆಯೇ ಅವಳು ಒಳಗೆ ಬಂದಳು.

"ನಾಳೆ ನಲ್ಲಿ ಹತ್ರ ಎಲ್ಲಾರ್ ಮುಂದೆ ಇದೇ ಮಾತು ಏಳ್ಬೇಕು ನೀನು. ನನ್ನ ಬೈದಿದ್ದು ಅಲ್ಲೇ."

"ಏಳ್ತೀನಿ ಕಣವ್ವ."

"ನಾನೂ ಅಲ್ಲೇ ನಿಂತ್ಕೊಂತೀನಿ ಅಕ್ಕ," ಅಂದ ಮಗ. ಅವನೇ ಎದ್ದು ಒಂದು ತಟ್ಟೆ ತಂದು ಅವಳ ಮುಂದಿಟ್ಟ. ನನ್ನ ಕಡೆ ನೋಡಲಿಲ್ಲ.

ಎಲ್ಲರೂ ಸುತ್ತ ಕೂತೆವು. ಸೊಸೆ ಮುದ್ದೆ ಇಟ್ಟಳು, ಮೊಮ್ಮಗಳು ಬಸ್ಸಾರು ಬಡಿಸಿದಳು. ಆಶಾ ನನ್ನ ಜೊತೆ ಮಾತಾಡಲಿಲ್ಲ. ಎರಡನೇ ಸಾರಿ ಸಾರು ಬೇಕಾದಾಗಲೂ ತಟ್ಟೆಯನ್ನು ಹುಡುಗಿಯ ಕಡೆಗೇ ಚಾಚಿದಳು. ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆಯಾಕೆ ಕೆಮ್ಮುತ್ತಾ ಕೂಗಿದಳು.

"ಪಾಟೀ, ಏನ್ ಒಗ್ಗರಣೆನೋ ಅದು! ನಮ್ಮನೆ ಮಕ್ಕಳೆಲ್ಲ ಸೀನ್ತಾ ಅವ್ರೆ!"

ಮಗ ಒಂದು ತುತ್ತು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು, ತಟ್ಟೆಯನ್ನೇ ನೋಡುತ್ತಾ ಅಂದ: "ಅಪ್ಪಂಗೆ ಇಷ್ಟು ಖಾರ ಬೇಕಿತ್ತು ಕಣಮ್ಮ."

ಅಮ್ಮಾ ಅಂದ. ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದೆ. ಬೇಡ ಅನ್ನಲಿಲ್ಲ, ಉಂಡ. ಎಲ್ಲರೂ ಉಂಡೆವು.